ಸಮಾಜಸೇವೆ, ಯುವಕರ ಮಾರ್ಗದರ್ಶನ ಮತ್ತು ನಮ್ಮ ಗುಡಿ-ಮಠಗಳು

ಪ್ರತಿವರ್ಷ ಸಂಕ್ರಾಂತಿಯ ಕಾಲಕ್ಕೆ ಸೋಲಾಪುರದಲ್ಲಿ ನಡೆಯುವ ಶ್ರೀ ಸಿದ್ಧೇಶ್ವರ ಯಾತ್ರೆಯನ್ನು ನಮ್ಮ ಶಾಲೆಯ ಬಹುಪಾಲು ವಿದ್ಯಾರ್ಥಿಗಳು ನೋಡಿದ್ದೀರಿ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು, ಮುಗಿಲಿಗೆ ಮುಖ ಮಾಡಿ ನಿಂತ ಏಳು ನಂದಿಧ್ವಜಗಳು, ಅಕ್ಷತೆ ಹಾಕಲು ಸಮ್ಮತಿ ಕಟ್ಟೆಯ ಸುತ್ತ ನೆರೆಯುವ ಜನಸಾಗರ, ಇವೆಲ್ಲ ನಿಮ್ಮ ಕಣ್ಣಮುಂದೆ ಇರಬಹುದು. ಆದರೆ ಯಾತ್ರೆಗೆ ಕೆಲವು ವಾರ ಮೊದಲು, ರಾತ್ರಿಯ ಚಳಿಯಲ್ಲಿ ನಡೆಯುವ ನಂದಿಧ್ವಜದ ರೂಢಿಯನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಅಷ್ಟು ಎತ್ತರದ, ಅಷ್ಟು ಭಾರದ ಕೋಲನ್ನು ಸೊಂಟದ ಮೇಲೆ ತಾಳಿಕೊಂಡು ನಡೆಯುವುದು ಒಂದೇ ದಿನದಲ್ಲಿ ಬರುವ ವಿದ್ಯೆಯಲ್ಲ. ಹೊಸ ಹುಡುಗ ಕೋಲಿಗೆ ಕೈಹಚ್ಚಿದಾಗ ಅನುಭವಸ್ಥ ಹಿರಿಯನೊಬ್ಬ ಅವನ ಪಕ್ಕದಲ್ಲಿಯೇ ಹೆಜ್ಜೆ ಹಾಕುತ್ತಾನೆ. "ಕೆಳಗ ನೋಡಬ್ಯಾಡ ತಮ್ಮಾ, ಸಾವಕಾಶ ನಡಿ, ನಾ ಇದ್ದೀನಿ" ಎನ್ನುತ್ತಾನೆ. ಕೋಲು ವಾಲಿದರೆ ಸುತ್ತಲಿದ್ದ ಹತ್ತಾರು ಕೈಗಳು ಅದನ್ನು ಹಿಡಿಯುತ್ತವೆ.

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವ ವಿಷಯವೆಲ್ಲ ಈ ದೃಶ್ಯದಲ್ಲಿಯೇ ಅಡಗಿದೆ. ಭಾರವನ್ನು ಹತ್ತಾರು ಕೈಗಳು ಕೂಡಿ ಹೊರುವುದು ಸಮಾಜಸೇವೆ. ಹೊಸಬನ ಪಕ್ಕದಲ್ಲಿ ಬಲ್ಲವನೊಬ್ಬ ನಡೆಯುವುದು ಮಾರ್ಗದರ್ಶನ. ನಮ್ಮ ಗುಡಿ, ಮಠ, ಮಸೀದಿ, ಬಸದಿ, ಚರ್ಚುಗಳು ಈ ಎರಡನ್ನೂ ಒಂದು ಕಾಲದಲ್ಲಿ ಮಾಡಿವೆ, ಕೆಲವೆಡೆ ಇಂದಿಗೂ ಮಾಡುತ್ತಿವೆ. ನಮ್ಮ ಊರುಗಳಲ್ಲಿ ಅವು ಕೂಡಿಕೊಂಡು ಇನ್ನೂ ಏನು ಮಾಡಬಹುದು ಎಂಬುದನ್ನು ವಿಚಾರಿಸೋಣ.

ಕೂಡಿ ಅಗೆದ ಕೆರೆ

ಸೋಲಾಪುರಕ್ಕೆ ಸೊನ್ನಲಿಗೆ ಎಂಬುದು ಹಳೆಯ ಹೆಸರು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಬಾಳಿದ ಸಿದ್ಧರಾಮರು ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗ. ಕವಿ ರಾಘವಾಂಕ ಅವರ ಚರಿತ್ರೆಯನ್ನೇ ಕಾವ್ಯವಾಗಿ ಬರೆದಿದ್ದಾನೆ. ಮಳೆ ಕಡಿಮೆಯಾದ ಈ ಬಯಲುಸೀಮೆಗೆ ಮೊದಲು ಬೇಕಾದದ್ದು ನೀರು ಎಂಬುದನ್ನು ಅರಿತು ಸಿದ್ಧರಾಮರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು. ಇಂದು ನಾವು ಕೈಮುಗಿಯುವ ಸಿದ್ಧೇಶ್ವರ ಗುಡಿ ನೀರಿನ ನಡುವೆ ನಿಂತಿರುವುದು ಇದೇ ಕಾರಣದಿಂದ. ದೇವರ ಮನೆ ಮತ್ತು ಊರಿನ ಕೆರೆ ಎರಡೂ ಒಂದೇ ಕಡೆ ಇವೆ.

ಈ ಕೆರೆಯ ಬಗ್ಗೆ ಶೂನ್ಯಸಂಪಾದನೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಕೆಲಸ ಭರದಿಂದ ಸಾಗಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, "ನಿಮ್ಮ ಒಡ್ಡರಾಮ ಎಲ್ಲಿದ್ದಾನೆ?" ಎಂದು ಕೇಳುತ್ತಾರೆ. ತಮ್ಮ ಗುರುವನ್ನು ಹೀಗೆ ಹೀಯಾಳಿಸಿದ್ದನ್ನು ಕೇಳಿ ಸಿಟ್ಟಾದ ಕೆಲಸಗಾರರು ಕಲ್ಲು ಬೀರುತ್ತಾರೆ. ಬೀರಿದ ಕಲ್ಲುಗಳು ಪ್ರಭುವಿಗೆ ತಾಗದೆ ಸುತ್ತಲೂ ಗುಡ್ಡೆಯಾಗಿ ಬೀಳುತ್ತವೆ. ಸಿದ್ಧರಾಮರೂ ಕೋಪದಿಂದಲೇ ಬರುತ್ತಾರೆ, ಆದರೆ ಮಾತಿಗೆ ಮಾತು ಬೆಳೆದು ಕೊನೆಗೆ ಅವರ ಅರಿವು ತೆರೆಯುತ್ತದೆ. ಪ್ರಭುದೇವರೊಡನೆ ಅವರು ಕಲ್ಯಾಣಕ್ಕೆ ಹೋಗುತ್ತಾರೆ.

ಅಲ್ಲಮರು ಕೆರೆ ಅಗೆಯುವುದು ತಪ್ಪೆಂದು ಹೇಳಿದರೆಂದು ತಿಳಿಯಬಾರದು. ಕೆರೆಯ ಜೊತೆಗೆ "ನಾನು ಕಟ್ಟಿಸಿದೆ" ಎಂಬ ಅಹಂಕಾರವೂ ಬೆಳೆಯುತ್ತಿದೆಯೇ ನೋಡಿಕೋ ಎಂದು ಎಚ್ಚರಿಸಿದರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಈ ಎಚ್ಚರಿಕೆ ಇಂದಿಗೂ ಬೇಕು. ನಮ್ಮ ಅನೇಕ ಸಭಾಮಂಟಪಗಳಲ್ಲಿ ಫ್ಯಾನಿನ ಮೂರು ಎಲೆಗಳ ಮೇಲೂ ದಾನಿಗಳ ಹೆಸರು ಬರೆದಿರುತ್ತದೆ. ಫ್ಯಾನು ತಿರುಗಿದಾಗ ಒಂದೂ ಹೆಸರು ಕಾಣಿಸುವುದಿಲ್ಲ, ಆದರೆ ಗಾಳಿ ಎಲ್ಲರಿಗೂ ಬರುತ್ತದೆ! ಸೇವೆ ಇರಬೇಕಾದದ್ದು ಹಾಗೆಯೇ.

ಯಾತ್ರೆಯ ಏಳು ನಂದಿಧ್ವಜಗಳ ಮಾನವೂ ಒಂದೇ ಮನೆತನಕ್ಕೆ, ಒಂದೇ ಸಮಾಜಕ್ಕೆ ಸೇರಿಲ್ಲ. ಮಾತಂಗ ಸಮಾಜದವರೂ ಸೇರಿ ಬೇರೆ ಬೇರೆ ಸಮಾಜದವರಿಗೆ ಅದರಲ್ಲಿ ಹಕ್ಕಿನ ಪಾಲಿದೆ. ಸಿದ್ಧರಾಮರ ಯೋಗದಂಡವನ್ನೇ ವರಿಸಿದಳೆಂದು ಹೇಳುವ ಕನ್ಯೆ ಕುಂಬಾರರ ಮನೆಯವಳು. ಕೂಡಿ ಅಗೆದ ಕೆರೆಯ ನೆನಪನ್ನು ಕೂಡಿ ಹೊರುವ ಕೋಲು ಇಂದಿಗೂ ಉಳಿಸಿಕೊಂಡು ಬಂದಿದೆ.

ಅನ್ನ ಮತ್ತು ಅಕ್ಷರ

ಅನ್ನದ ಸೇವೆ ನಮಗೆ ಹೊಸದಲ್ಲ. ಶರಣರು ಅದಕ್ಕೆ ದಾಸೋಹ ಎಂಬ ಹೆಸರು ಕೊಟ್ಟರು. ಕೊಡುವವನು ತಾನು ಒಡೆಯನೆಂದು ತಿಳಿಯದೆ ದಾಸನೆಂದು ತಿಳಿದು ಕೊಡಬೇಕು ಎಂಬುದು ಆ ಮಾತಿನ ತಿರುಳು. ನಮ್ಮ ಅಕ್ಕಲಕೋಟೆಯಲ್ಲಿ ಶ್ರೀ ಸ್ವಾಮಿ ಸಮರ್ಥರು ಇಪ್ಪತ್ತಕ್ಕೂ ಹೆಚ್ಚು ವರ್ಷ ನೆಲೆಸಿ 1878ರಲ್ಲಿ ಸಮಾಧಿಸ್ಥರಾದರು. ಅವರ ಹೆಸರಿನಲ್ಲಿ 1988ರಲ್ಲಿ ಆರಂಭವಾದ ಅನ್ನಛತ್ರ ಮಂಡಳವು ದೂರದೂರದಿಂದ ಬಂದವರಿಗೆ ಜಾತಿ ಊರು ಕೇಳದೆ ಊಟ ಬಡಿಸುತ್ತಿದೆ. ದೂರದ ಪಂಜಾಬಿನಲ್ಲಿ ಸಿಖ್ಖರ ಗುರುದ್ವಾರಗಳ ಲಂಗರ್ ಇದೇ ಬಗೆಯದು. ಅಲ್ಲಿ ರೊಟ್ಟಿ ಬೇಯಿಸುವವರು, ಪಾತ್ರೆ ತಿಕ್ಕುವವರು ಎಲ್ಲರೂ ಭಕ್ತರೇ.

ಅನ್ನದ ಜೊತೆಗೆ ಅಕ್ಷರವೂ ಬೇಕೆಂಬ ವಿಚಾರ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಲವಾಯಿತು. ಹಾನಗಲ್ಲ ಕುಮಾರ ಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭಾ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಲು ಕಾರಣರಾದರು. ಊರೂರು ತಿರುಗಿ ಶಾಲೆಗಳಿಗೆ, ಬೋರ್ಡಿಂಗುಗಳಿಗೆ ಜನರ ಮನಸ್ಸನ್ನು ಒಲಿಸಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 1917ರಲ್ಲಿ ಪಾಠಶಾಲೆ ಆರಂಭವಾಯಿತು. ಮುಂದೆ ಅಲ್ಲಿಯ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿಗೆ ಭಿಕ್ಷಕ್ಕೆ ಹೋಗಿ ರೈತರು ಕೊಟ್ಟ ರಾಗಿಯನ್ನು ತಂದು ಮಕ್ಕಳನ್ನು ಸಾಕಿದರು. 2019ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಎಲ್ಲ ಜಾತಿ-ಧರ್ಮಗಳ ಸಾವಿರಾರು ಮಕ್ಕಳು ಉಚಿತವಾಗಿ ಉಂಡು ಓದುತ್ತಿದ್ದರು. ಒಬ್ಬ ರೈತ ಕೊಟ್ಟದ್ದು ಒಂದು ಸೇರು ಇರಬಹುದು. "ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ" ಎಂಬ ಗಾದೆ ಇಂಥ ಕಡೆ ನಿಜವಾಗುತ್ತದೆ.

ನಮ್ಮ ಸೋಲಾಪುರದಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಮಾತುಗಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಇಲ್ಲಿ ಕೂಡಿ ಬಾಳುವುದು ಕೇವಲ ಪುಸ್ತಕದ ಮಾತಾಗಿ ಉಳಿದಿಲ್ಲ. 1930ರ ಮೇ ತಿಂಗಳಲ್ಲಿ ಬ್ರಿಟಿಷ್ ಸರಕಾರ ಈ ನಗರದ ಮೇಲೆ ಮಾರ್ಶಲ್ ಲಾ ಹೇರಿತು. ಆ ಪ್ರಕರಣದಲ್ಲಿ 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ಗಲ್ಲಿಗೇರಿಸಿದರು. ನಾಲ್ವರ ಮನೆಯ ಪೂಜೆ-ಪ್ರಾರ್ಥನೆಗಳು ಬೇರೆ ಬೇರೆ. ಊರಿಗಾಗಿ ಜೀವ ಕೊಡುವಾಗ ಅದು ಅಡ್ಡ ಬರಲಿಲ್ಲ. ಹಾಗಿದ್ದ ಮೇಲೆ ಊರಿಗಾಗಿ ವಾರಕ್ಕೆ ಒಂದು ತಾಸು ಕೊಡುವಾಗ ಏಕೆ ಅಡ್ಡ ಬರಬೇಕು?

1972ರ ಬರಗಾಲದ ಸಂಗತಿಯನ್ನು ನಮ್ಮ ತಂದೆಯವರು ಆಗಾಗ ಹೇಳುತ್ತಿದ್ದರು. ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯುತ್ತಿದ್ದಾಗ ಮಧ್ಯಾಹ್ನ ಎಲ್ಲರೂ ಒಂದೇ ಗಿಡದ ನೆರಳಿಗೆ ಬುತ್ತಿ ಬಿಚ್ಚುತ್ತಿದ್ದರಂತೆ. ಎಲ್ಲರ ಬುತ್ತಿಯಲ್ಲಿಯೂ ಅದೇ ಕೆಂಪು ಮಿಲೋ ಜೋಳದ ರೊಟ್ಟಿ. "ಹಸಿವಿಗೆ ಜಾತಿ ಇಲ್ಲ ಅನ್ನೂದು ಆಗ ಗೊತ್ತಾತು. ಮಳೆ ಬಂದ ಮ್ಯಾಲ ಮತ್ತ ಮರತೇವಿ" ಎಂದು ಅವರು ನಗುತ್ತಿದ್ದರು. ಆ ನಗೆಯ ಹಿಂದಿನ ನೋವು ನನಗೆ ಅರ್ಥವಾದದ್ದು ದೊಡ್ಡವನಾದ ಮೇಲೆ.

ಮಾರ್ಗದರ್ಶನ ಎಂದರೇನು?

ಕೆಲವರು ಮಾರ್ಗದರ್ಶನವೆಂದರೆ ವೇದಿಕೆಯ ಮೇಲೆ ನಿಂತು ಉಪದೇಶ ಮಾಡುವುದೆಂದು ತಿಳಿದಿದ್ದಾರೆ. ಉಪದೇಶವನ್ನು ನೂರು ಮಂದಿಗೆ ಒಮ್ಮೆಲೆ ಮಾಡಬಹುದು. ಮಾರ್ಗದರ್ಶನವನ್ನು ಒಬ್ಬೊಬ್ಬರಿಗೇ ಮಾಡಬೇಕಾಗುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ಮೂರೇ: ಅದೇ ಮನುಷ್ಯ, ಅದೇ ಹೊತ್ತು, ಬಹುದಿನಗಳ ತಾಳ್ಮೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಉದಾಹರಣೆ ನೋಡಿರಿ. ಕಣ್ಣು ಕಾಣದ ಬಾಲಕನೊಬ್ಬನ ಕಂಠವನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಗುರುತಿಸಿ ಅವನಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು. ಅವರು ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಸಾಕಿ ಕಲಿಸಿದರು. ಅವರಲ್ಲಿ ಒಬ್ಬರು ಪುಟ್ಟರಾಜ ಗವಾಯಿಗಳು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜರು ಆಶ್ರಮದ ಭಾರ ಹೊತ್ತು 2010ರಲ್ಲಿ ದೇಹ ಬಿಡುವವರೆಗೂ ಮಕ್ಕಳಿಗೆ ವಿದ್ಯೆ ಹೇಳಿದರು. ಒಬ್ಬ ಹಿರಿಯರು ಒಬ್ಬ ಹುಡುಗನ ಕೈಹಿಡಿದದ್ದರ ಫಲ ಎಷ್ಟು ಮನೆಗಳಿಗೆ ಮುಟ್ಟಿತು!

ಇಳಕಲ್ಲಿನ ಶ್ರೀ ಮಹಾಂತ ಸ್ವಾಮಿಗಳದು ಇನ್ನೊಂದು ರೀತಿ. ಅವರು ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಆ ಜೋಳಿಗೆಗೆ ಅವರು ಬೇಡಿದ್ದು ಕಾಳನ್ನಲ್ಲ, ಬೀಡಿ, ತಂಬಾಕು, ಸೆರೆಯ ಚಟಗಳನ್ನು. ಸ್ವಾಮಿಗಳೇ ಬಾಗಿಲಿಗೆ ಬಂದು ಕೈಯೊಡ್ಡಿದಾಗ ಚಟವನ್ನು ಬಿಟ್ಟುಕೊಟ್ಟವರು ಅನೇಕರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಹೊರದೇಶದ ಒಂದು ಮಾತನ್ನೂ ಹೇಳಬೇಕು. 1904ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಅರ್ನೆಸ್ಟ್ ಕೋಲ್ಟರ್ ಎಂಬ ಗುಮಾಸ್ತನೊಬ್ಬ ಮಕ್ಕಳ ನ್ಯಾಯಾಲಯದಲ್ಲಿ ಕೆಲಸ ಮಾಡುತ್ತಿದ್ದ. ಚಿಕ್ಕಪುಟ್ಟ ಅಪರಾಧ ಮಾಡಿ ಬರುವ ಹುಡುಗರಲ್ಲಿ ಹೆಚ್ಚಿನವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೆಂಬುದನ್ನು ಅವನು ಕಂಡ. ಒಂದು ಚರ್ಚಿನ ಭಕ್ತರ ಸಭೆಗೆ ಹೋಗಿ, ನಿಮ್ಮಲ್ಲಿ ಒಬ್ಬೊಬ್ಬರು ಒಬ್ಬೊಬ್ಬ ಹುಡುಗನಿಗೆ ಅಣ್ಣನಾಗಿರಿ ಎಂದು ಬೇಡಿಕೊಂಡ. ಸುಮಾರು 40 ಜನ ಒಪ್ಪಿದರು. "ದೊಡ್ಡಣ್ಣ" ಎಂಬ ಅರ್ಥದ ಹೆಸರಿನಿಂದ ಆ ಕೆಲಸ ಬೆಳೆಯಿತು. ಕ್ಯಾಥೊಲಿಕರೂ ಯಹೂದ್ಯರೂ ತಮ್ಮ ತಮ್ಮ ಸಮುದಾಯಗಳಲ್ಲಿ ಅಂಥದೇ ಕೆಲಸ ಕೈಕೊಂಡರು. ಅದಕ್ಕೆ ದೊಡ್ಡ ಕಟ್ಟಡ ಬೇಕಾಗಲಿಲ್ಲ. ಪ್ರಾರ್ಥನೆಗೆ ಸೇರಿದ ಜನ ಪ್ರಾರ್ಥನೆ ಮುಗಿದ ಮೇಲೆ ಇನ್ನೊಂದು ಕೆಲಸಕ್ಕೆ ಮನಸ್ಸು ಮಾಡಿದರು, ಅಷ್ಟೆ.

"ಕೇಳವ್ರ ಯಾರೂ ಇರಲಿಲ್ರಿ"

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇನೆ. ಇದನ್ನು ಬರೆಯುವುದು ನನಗೆ ಸಂತೋಷದ ವಿಷಯವಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ವರ್ಗದಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ತಾಯಿ ಬೀಡಿ ಕಟ್ಟುವವರು. ಕನ್ನಡ ನಿಬಂಧ ಬರೆದರೆ ಅವನ ವಹಿಯನ್ನು ನಾನು ಬೇರೆ ವರ್ಗಕ್ಕೂ ಒಯ್ದು ಓದಿ ತೋರಿಸುತ್ತಿದ್ದೆ. ಹತ್ತನೆಯ ತರಗತಿಯನ್ನು ಒಳ್ಳೆಯ ಗುಣಗಳಿಂದ ಪಾಸಾಗಿ, ಪೇಢೆ ಕೊಟ್ಟು, ಕಾಲಿಗೆ ನಮಸ್ಕರಿಸಿ ಹೋದ. ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಕಾಲೇಜು ಬಿಟ್ಟು ಚಾದರದ ಕಾರಖಾನೆಯಲ್ಲಿ ಮಗ್ಗಕ್ಕೆ ಹೋಗುತ್ತಿದ್ದ. ಏಕೆಂದು ಕೇಳಿದೆ.

"ಅಲ್ಲಿ ಹೇಳೂದು ತಿಳೀತಿರಲಿಲ್ರಿ ಗುರುಗಳ. ಒಂದೀಟು ಮರಾಠಿ, ಒಂದೀಟು ಇಂಗ್ಲಿಷ್. ತಿಳೀಲಿಲ್ಲಂದ್ರ ಯಾರನ್ನ ಕೇಳಬೇಕು? ಕೇಳವ್ರ ಯಾರೂ ಇರಲಿಲ್ರಿ."

ನಾನು ಸುಮ್ಮನೆ ನಿಂತೆ. ಬಾಲ್ಯದಲ್ಲಿ ನಾನೂ ಕನ್ನಡದಲ್ಲಿ ಓದಿ ಮುಂದೆ ಮರಾಠಿಯಲ್ಲಿ ಕಲಿತವನೇ. ಮೊದಲ ಆರು ತಿಂಗಳು ಬಾಯಿ ಮುಚ್ಚಿ ಕುಳಿತಿದ್ದೆ. ನನಗೆ ಓಣಿಯ ಭಜನಾಮಂಡಳಿಯಲ್ಲಿ ತಬಲಾ ಬಾರಿಸುವ ಅಣ್ಣನೊಬ್ಬ ಸಿಕ್ಕಿದ. ಭಜನೆ ಮುಗಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಕುಳಿತು ದಿನಕ್ಕೆ ಹತ್ತು ಮರಾಠಿ ಶಬ್ದ ಹೇಳಿಕೊಡುತ್ತಿದ್ದ. ಆ ಹುಡುಗನಿಗೆ ಅಂಥ ಅಣ್ಣ ಸಿಗಲಿಲ್ಲ. ಅವನು ಬಾಡಿಗೆಗಿದ್ದ ಕೋಣೆಯ ಎದುರಿಗೇ ಒಂದು ದೊಡ್ಡ ಸಭಾಮಂಟಪವಿತ್ತು. ಲಗ್ನದ ದಿನಗಳನ್ನು ಬಿಟ್ಟರೆ ವರ್ಷವೆಲ್ಲ ಅದಕ್ಕೆ ಬೀಗ. ಆ ಬೀಗದ ಎದುರಿಗೆ ಒಬ್ಬ ಹುಡುಗ ಶಾಲೆ ಬಿಟ್ಟ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ನಾನೂ ಫಲಿತಾಂಶದ ದಿನ ಪೇಢೆ ತಿಂದು ಅವನನ್ನು ಮರೆತಿದ್ದೆ. ತಪ್ಪಿನಲ್ಲಿ ನನ್ನದೂ ಪಾಲಿದೆ.

ಮೈಂದರ್ಗಿ, ದುಧನಿ, ನಾಗಣಸೂರು, ತೋಳನೂರು ಮೊದಲಾದ ಊರುಗಳಿಂದ ಬರುವ ಕನ್ನಡ ಮಕ್ಕಳ ಅಡಚಣಿಯೂ ಇದೇ. ಹತ್ತನೆಯ ತರಗತಿಯವರೆಗೆ ಕೈಹಿಡಿದು ನಡೆಸುವ ಶಾಲೆಯಿದೆ. ಮುಂದೆ ಐ.ಟಿ.ಐ. ಇರಲಿ, ಕಾಲೇಜು ಇರಲಿ, ಪಾಠ ಬಹುಮಟ್ಟಿಗೆ ಮರಾಠಿ ಇಲ್ಲವೆ ಇಂಗ್ಲಿಷಿನಲ್ಲಿ. ಬುದ್ಧಿ ಕಡಿಮೆಯಾಗಿ ಬಿಟ್ಟವರಿಗಿಂತ ಆಸರೆ ತಪ್ಪಿ ಬಿಟ್ಟವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ನಾವು ಮಾಡಬಹುದಾದದ್ದು

ಇದಕ್ಕೆ ಹಣಕ್ಕಿಂತ ಮನಸ್ಸು ಬೇಕು. ಕೆಲವು ಸೂಚನೆಗಳನ್ನು ವಿನಯದಿಂದ ಮುಂದಿಡುತ್ತೇನೆ.

ಮೊದಲನೆಯದಾಗಿ, ಸಂಜೆ ಎರಡು ತಾಸು ಗುಡಿ-ಮಠಗಳ ಸಭಾಮಂಟಪದ ಬೀಗ ತೆಗೆಯಬೇಕು. ದೀಪ, ಚಾಪೆ, ಕುಡಿಯುವ ನೀರು ಇದ್ದರೆ ಅಭ್ಯಾಸಿಕೆ ಸಿದ್ಧವಾಯಿತು. ಒಂದೇ ಕೋಣೆಯ ಮನೆಯಲ್ಲಿ ಮಗ್ಗದ ಸಪ್ಪಳದ ನಡುವೆ ಓದುವ ಮಗುವಿಗೆ ಅದು ದೊಡ್ಡ ವರ.

ಎರಡನೆಯದಾಗಿ, ಹತ್ತನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಒಬ್ಬ ಹಿರಿಯರನ್ನು ಗೊತ್ತುಮಾಡಬೇಕು. ಅವರು ದೊಡ್ಡ ವಿದ್ವಾಂಸರಾಗಿರಬೇಕಿಲ್ಲ. ಎರಡು ವರ್ಷ ಮುಂದೆ ಓದುತ್ತಿರುವ ಕಾಲೇಜು ವಿದ್ಯಾರ್ಥಿ ಸಾಕು, ನಿವೃತ್ತ ಪೋಸ್ಟ್‌ಮನ್ ಸಾಕು, ಹೊಲಿಗೆ ಬಲ್ಲ ಅಕ್ಕ ಸಾಕು. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಭೇಟಿಯಾಗಬೇಕು. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಮಾರ್ಗದರ್ಶಕರಾಗಲಿ. ಭೇಟಿ ನಾಲ್ಕು ಜನರ ಕಣ್ಣಿಗೆ ಬೀಳುವ ತೆರೆದ ಜಾಗದಲ್ಲಿ, ಪಾಲಕರಿಗೆ ತಿಳಿದೇ ನಡೆಯಲಿ. ಇದರಲ್ಲಿ ಸಂಕೋಚ ಬೇಡ.

ಮೂರನೆಯದಾಗಿ, ಒಂದು ಗುಡಿಯವರಿಗೆ ಇದೆಲ್ಲ ಸಾಧ್ಯವಾಗದು. ಮಠದಲ್ಲಿ ಜಾಗವಿದ್ದೀತು, ಮಸೀದಿಯ ಜಮಾತಿನಲ್ಲಿ ಲೆಕ್ಕ ಬಲ್ಲ ಯುವಕರಿದ್ದಾರು, ಚರ್ಚಿನ ತಾಯಂದಿರಲ್ಲಿ ದಾದಿಯ ಕೆಲಸ ಬಲ್ಲವರಿದ್ದಾರು, ಬಸದಿಯವರಲ್ಲಿ ಪುಸ್ತಕಗಳಿದ್ದಾವು. ನಾಲ್ಕೂ ಕಡೆಯಿಂದ ಇಬ್ಬಿಬ್ಬರು ಹಿರಿಯರು ತಿಂಗಳಿಗೊಮ್ಮೆ ಕೂತು ಮಾತಾಡಿದರೆ ಯಾರಲ್ಲಿ ಏನಿದೆ, ಯಾರಿಗೆ ಏನು ಬೇಕು ಎಂಬುದು ತಿಳಿಯುತ್ತದೆ. ಇಲ್ಲಿ ಒಂದು ಕರಾರು ಇರಲಿ: ಅಲ್ಲಿಗೆ ಬರುವ ಮಗುವಿಗೆ ಯಾರೂ ತಮ್ಮ ಮತವನ್ನು ಬೋಧಿಸಕೂಡದು. ಅವರವರ ಪೂಜೆ ಅವರವರ ಮನೆಯಲ್ಲಿ, ಲೆಕ್ಕ-ವ್ಯಾಕರಣ ಮಾತ್ರ ಎಲ್ಲರದು.

ನಾಲ್ಕನೆಯದಾಗಿ, ಮಕ್ಕಳು ಪಡೆಯುವವರಾಗಿಯೇ ಉಳಿಯಬಾರದು. ಜಾತ್ರೆಯ ಮರುದಿನ ಪತ್ರಾವಳಿ ಎತ್ತುವುದು, ಉರುಸಿನಲ್ಲಿ ನೀರು ಕೊಡುವುದು, ಮಳೆಗಾಲಕ್ಕೆ ಮುಂಚೆ ಬಾವಿಯ ಸುತ್ತ ಸ್ವಚ್ಛ ಮಾಡುವುದು, ಓದು ಬಾರದ ಅಜ್ಜಿಗೆ ಪೆನ್ಶನ್ ಕಾಗದ ಓದಿ ಹೇಳುವುದು, ಇವು ನಿಮ್ಮಿಂದ ಆಗುವ ಕೆಲಸಗಳು. ಇನ್ನೊಬ್ಬರ ಹಬ್ಬದಲ್ಲಿ ಕಸ ಗುಡಿಸಿದ ಕೈ ಮುಂದೆ ಅವರ ಮೇಲೆ ಕಲ್ಲು ಎತ್ತುವುದಿಲ್ಲ.

ಪಾಲಕರಲ್ಲಿ ಒಂದು ಪ್ರಾರ್ಥನೆ. ತಾವು ಗುಡಿಗೆ, ಮಸೀದಿಗೆ ಹೋದಾಗ ಅಲ್ಲಿಯ ಪಂಚರನ್ನು ಒಂದು ಮಾತು ಕೇಳಿರಿ: "ನಮ್ಮ ಓಣಿಯೊಳಗ ಈ ವರ್ಷ ಸಾಲಿ ಬಿಟ್ಟ ಹುಡುಗರು ಎಷ್ಟು ಮಂದಿ?" ಉತ್ತರ ಅವರಿಗೆ ಗೊತ್ತಿಲ್ಲದಿದ್ದರೆ, ಗೊತ್ತುಮಾಡಿಕೊಳ್ಳುವುದೇ ಸೇವೆಯ ಮೊದಲ ಹೆಜ್ಜೆ.

ವಿದ್ಯಾರ್ಥಿಗಳೇ, ನೀವು ಈ ಶಾಲೆಯಿಂದ ಹೊರಬಿದ್ದ ಮೇಲೆ ತಿಳಿಯದ್ದು ಬಂದರೆ ನಾಚಿಕೆಪಡದೆ ಕೇಳಿರಿ. ನಮ್ಮ ಶಾಲೆಯ ಬಾಗಿಲಿಗೆ ಬಂದು ಕೇಳಿದರೂ ನಮಗೆ ಸಂತೋಷವೇ. ಹಾಗೆಯೇ ನಿಮಗಿಂತ ಒಂದು ಹೆಜ್ಜೆ ಹಿಂದೆ ಇರುವ ತಮ್ಮನನ್ನೋ ತಂಗಿಯನ್ನೋ ಹಿಂದಿರುಗಿ ನೋಡಿರಿ. ಆ ಹುಡುಗ ಈಗ ಮಗ್ಗದ ಕೆಲಸದ ಜೊತೆಗೆ ಹೊರಗಿನಿಂದ ಪರೀಕ್ಷೆಗೆ ಕೂಡಲು ಅರ್ಜಿ ತುಂಬಿದ್ದಾನೆ. ರವಿವಾರ ಮುಂಜಾನೆ ನನ್ನ ಮನೆಗೆ ಬರುತ್ತಾನೆ. ಅವನು ಪಾಸಾಗುವನೋ ಇಲ್ಲವೋ ಹೇಳಲಾರೆ. ಕೇಳಲು ಒಬ್ಬರಿದ್ದಾರೆ ಎಂಬುದು ಅವನಿಗೆ ಈಗ ಗೊತ್ತಿದೆ. ಪ್ರತಿ ಓಣಿಯಲ್ಲಿಯೂ ಅಂಥ ಒಬ್ಬರು ಇರುವಂತಾಗಲಿ ಎಂಬುದೇ ಈ ಲೇಖನದ ಆಶಯ.